ಬೈಬಲಿನಲ್ಲಿ ತಪ್ಪಿದೆ ಎಂದು ಕ್ರೈಸ್ತರು ನಂಬಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಟ್ಟಿದ್ದು ಚಿಕ್ಕಮಗಳೂರಿನ ಕ್ಯಾಥೊಲಿಕ್ ಮನೆಯಲ್ಲಿ. ಮದುವೆಯಾಗಿ ಬಂದದ್ದು ಹಾಸನದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟಂಟ್ ಸಭೆ) ಮನೆಗೆ. ತವರಿನಿಂದ ತಂದ ಬೈಬಲಿನಲ್ಲಿ 73 ಪುಸ್ತಕ, ಅತ್ತೆ ದಿನಾ ಓದುತ್ತಿದ್ದ ಬೈಬಲಿನಲ್ಲಿ 66. ಮದುವೆಯಾದ ಮೊದಲ ವಾರವೇ ಅತ್ತೆ ಕೇಳಿದ್ದರು: "ಏನಮ್ಮಾ, ನಿಮ್ಮದರಲ್ಲಿ ಏಳು ಜಾಸ್ತಿನಾ, ನಮ್ಮದರಲ್ಲಿ ಏಳು ಕಡಿಮೆನಾ?" ಅದಕ್ಕೆ ನಾನಿನ್ನೂ ಉತ್ತರ ಕೊಟ್ಟಿಲ್ಲ.

ಆಮೇಲೆ ತುಂಬಾ ವರ್ಷ ಸಂಡೇ ಸ್ಕೂಲಿನಲ್ಲಿ ಪಾಠ ಮಾಡಿದೆ. ಮಕ್ಕಳು, ಅವರ ಅಪ್ಪ ಅಮ್ಮ, ಪ್ರಾರ್ಥನಾ ಕೂಟ ಮುಗಿದ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಾ ಮೆಲ್ಲಗೆ ಕೇಳುವವರು, ಎಲ್ಲರ ಪ್ರಶ್ನೆಯೂ ಸುತ್ತಿ ಸುತ್ತಿ ಇಲ್ಲಿಗೇ ಬರುತ್ತದೆ. ನಾನು ದೇವಶಾಸ್ತ್ರದ ಡಿಗ್ರಿ ಮಾಡಿದವಳಲ್ಲ. ಓದಿ ತಿಳಿದದ್ದನ್ನು ಬರೆದಿದ್ದೇನೆ, ಅಷ್ಟೆ.

ನೇರವಾಗಿ ಹೇಳಿ. ಬೈಬಲಿನಲ್ಲಿ ತಪ್ಪಿದೆ ಎನ್ನುವವರು ಕ್ರೈಸ್ತರಾಗಿರಬಹುದಾ?

ಆಗಿರಬಹುದು. ದೀಕ್ಷಾಸ್ನಾನದ ದಿನ ಕೇಳುವುದು ತಂದೆ, ಮಗ, ಪವಿತ್ರಾತ್ಮನಲ್ಲಿ ನಂಬಿಕೆ ಇದೆಯಾ ಎಂದು. ಯೆಹೂದದ ಅರಸ ಯೆಹೋಯಾಖೀನ ಪಟ್ಟಕ್ಕೆ ಬಂದಾಗ ಅವನಿಗೆ ಎಷ್ಟು ವಯಸ್ಸು ಎಂದು ಯಾರೂ ಕೇಳುವುದಿಲ್ಲ. (ಅವನ ವಿಷಯ ಮುಂದೆ ಬರುತ್ತದೆ.)

ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ಶುರುವಾಗಿ 381ರಲ್ಲಿ ಈಗಿನ ರೂಪಕ್ಕೆ ಬಂದ ವಿಶ್ವಾಸಪ್ರಮಾಣವನ್ನು ನಮ್ಮ ಎರಡೂ ಕಡೆಯ ಚರ್ಚುಗಳಲ್ಲಿ ಎದ್ದು ನಿಂತು ಹೇಳುತ್ತೇವೆ. ಪವಿತ್ರಾತ್ಮನು ಪ್ರವಾದಿಗಳ ಮೂಲಕ ಮಾತಾಡಿದನು ಎಂದು ಅದರಲ್ಲಿದೆ. ಪುಸ್ತಕದಲ್ಲಿ ಒಂದೂ ತಪ್ಪಿಲ್ಲ ಎನ್ನುವ ಸಾಲು ಇಲ್ಲ. 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ಸಿ.ಎಸ್.ಐ. ಸಭೆಯ ಸಂವಿಧಾನವೂ ಅಷ್ಟೆ: ರಕ್ಷಣೆಗೆ ಬೇಕಾದದ್ದೆಲ್ಲ ಶಾಸ್ತ್ರದಲ್ಲಿದೆ, ನಂಬಿಕೆಗೆ ಅದೇ ಕೊನೆಯ ಅಳತೆಗೋಲು ಎನ್ನುತ್ತದೆ. ಇದು ಸಣ್ಣ ಮಾತಲ್ಲ. ಆದರೆ 'ತಪ್ಪೇ ಇಲ್ಲ' ಎನ್ನುವ ಮಾತೂ ಅಲ್ಲ.

ಕೆಲವು ಪೆಂತೆಕೊಸ್ತ್ ಮತ್ತು ಸ್ವತಂತ್ರ ಸಭೆಗಳ ನಂಬಿಕೆಯ ಹೇಳಿಕೆಯಲ್ಲಿ ಆ ಮಾತು ಸ್ಪಷ್ಟವಾಗಿ ಇರುತ್ತದೆ. ಅಲ್ಲಿ ಸದಸ್ಯರಾಗುವಾಗ ಅದಕ್ಕೆ ಒಪ್ಪಿ ಸೇರಬೇಕಾಗಬಹುದು. ಕ್ರೈಸ್ತರಾಗುವುದು ಬೇರೆ, ಒಂದು ಸಭೆಯ ರಿಜಿಸ್ಟರಿನಲ್ಲಿ ಹೆಸರು ಬರೆಸುವುದು ಬೇರೆ.

'ತಪ್ಪು' ಅಂತೀರಲ್ಲ, ಎಂಥ ತಪ್ಪು?

ತಪ್ಪು ಎನ್ನುವ ಒಂದೇ ಚೀಲಕ್ಕೆ ಜನ ಏನೇನೋ ತುಂಬುತ್ತಾರೆ. ಮೊದಲು ಚೀಲ ಸುರಿದು ಬೇರೆ ಬೇರೆ ಮಾಡೋಣ.

ಮುಳ್ಳಯ್ಯನಗಿರಿಯ ಎತ್ತರ ಒಂದು ಕಡೆ 1,930 ಮೀಟರ್ ಎಂದಿರುತ್ತದೆ, ಇನ್ನೊಂದು ಕಡೆ 1,925. ಅದಕ್ಕಾಗಿ ಯಾರೂ ಬೆಟ್ಟವೇ ಇಲ್ಲ ಎನ್ನುವುದಿಲ್ಲ. ಸೊಲೊಮೋನನ ದೇವಾಲಯದ ದೊಡ್ಡ ಕಂಚಿನ ತೊಟ್ಟಿ ಅಡ್ಡಲಾಗಿ 10 ಮೊಳ, ಸುತ್ತಳತೆ 30 ಮೊಳ ಎಂದು 1 ಅರಸುಗಳು 7ರಲ್ಲಿದೆ. ಲೆಕ್ಕದ ಮೇಷ್ಟ್ರು 31 ಮೊಳದ ಮೇಲೆ ಆಗಬೇಕು ಎನ್ನುತ್ತಾರೆ. ಸರಿ. ಆದರೆ ಅದು ದುಂಡು ಲೆಕ್ಕ. ಬಟ್ಟೆ ಅಂಗಡಿಯಲ್ಲೂ ನಾವು ಹಾಗೇ ಮಾತಾಡುತ್ತೇವೆ.

ಸಾಸಿವೆ ಎಲ್ಲಾ ಬೀಜಗಳಿಗಿಂತ ಸಣ್ಣದು ಎಂದು ಯೇಸು ಹೇಳಿದ್ದು ಮತ್ತಾಯ 13ರಲ್ಲಿದೆ. ನಮ್ಮ ಅಡುಗೆಮನೆಯ ಗಸಗಸೆಯೇ ಅದಕ್ಕಿಂತ ಸಣ್ಣದು. ಕಾಫಿ ತೋಟದ ಮರಗಳ ಮೇಲೆ ಬೆಳೆಯುವ ಸೀತಾಳೆದಂಡೆಯ ಬೀಜವಂತೂ ಧೂಳಿನ ಹಾಗೆ ಹಾರುತ್ತದೆ. ಆದರೆ ಕೇಳುತ್ತಾ ಕೂತವರು ಗಲಿಲಾಯದ ರೈತರು. ಅವರು ಬಿತ್ತುತ್ತಿದ್ದ ಕಾಳುಗಳ ಮಾತು ಅದು. ಇದನ್ನು ತಪ್ಪು ಎನ್ನುವವರು 'ಹೊತ್ತು ಮುಳುಗಿತು' ಎನ್ನುವುದನ್ನೂ ಬಿಡಬೇಕಾಗುತ್ತದೆ.

ಈಗ ನಿಜವಾಗಿ ಗಂಟಲಿಗೆ ಸಿಕ್ಕಿಕೊಳ್ಳುವ ಮುಳ್ಳುಗಳು. ಯೆಹೋಯಾಖೀನ ಪಟ್ಟಕ್ಕೆ ಬಂದಾಗ 2 ಅರಸುಗಳು 24:8ರ ಪ್ರಕಾರ 18 ವರ್ಷ. 2 ಪೂರ್ವಕಾಲವೃತ್ತಾಂತ 36:9ರ ಹೀಬ್ರೂ ಪಾಠದಲ್ಲಿ 8 ವರ್ಷ. ಎರಡೂ ಸರಿಯಾಗಲು ಸಾಧ್ಯವಿಲ್ಲ. ನಕಲು ಮಾಡುವಾಗ 'ಹತ್ತು' ಎನ್ನುವ ಪದ ಬಿಟ್ಟುಹೋಗಿದೆ ಎಂದು ಬಹಳ ಜನ ವಿದ್ವಾಂಸರು ಹೇಳುತ್ತಾರೆ. ಅನುವಾದಗಳಲ್ಲಿ ಕೆಲವು 8 ಎಂದು ಬಿಡುತ್ತವೆ, ಕೆಲವು 18 ಎಂದು ತಿದ್ದುತ್ತವೆ. ನಿಮ್ಮ ಬೈಬಲ್ ತೆಗೆದು ನೋಡಿ.

ಯೇಸುವನ್ನು ಹಿಡಿದುಕೊಡಲು ಶಿಷ್ಯ ಯೂದ ಪಡೆದ ಮೂವತ್ತು ಬೆಳ್ಳಿ ನಾಣ್ಯಗಳ ಪ್ರವಾದನೆಯನ್ನು ಮತ್ತಾಯ 27:9 ಯೆರೆಮೀಯನ ಹೆಸರಿಗೆ ಬರೆಯುತ್ತದೆ. ಆ ಮಾತು ಸಿಗುವುದು ಜೆಕರ್ಯ 11ರಲ್ಲಿ. ಯೆರೆಮೀಯನಲ್ಲೂ ಕುಂಬಾರನ ಕಥೆ ಇದೆ, ಹೊಲ ಕೊಂಡ ಕಥೆ ಇದೆ. ಮತ್ತಾಯ ಎರಡನ್ನೂ ಸೇರಿಸಿ ದೊಡ್ಡ ಪ್ರವಾದಿಯ ಹೆಸರು ಹಾಕಿದ ಎಂದು ಒಂದು ವಿವರಣೆ. ಇರಬಹುದು.

ಇನ್ನು ಯೂದನ ಸಾವು. ಮತ್ತಾಯನ ಪ್ರಕಾರ ಅವನು ಹಣ ಬಿಸಾಡಿ ಉರುಲು ಹಾಕಿಕೊಂಡ, ಯಾಜಕರು ಆ ಹಣದಿಂದ ಹೊಲ ಕೊಂಡರು. ಅಪೊಸ್ತಲರ ಕೃತ್ಯಗಳು 1ರ ಪ್ರಕಾರ ಹೊಲ ಕೊಂಡವನು ಅವನೇ, ಅಲ್ಲೇ ಬಿದ್ದು ಹೊಟ್ಟೆ ಒಡೆದು ಸತ್ತ. ಹಗ್ಗ ಹರಿದು ಬಿದ್ದ ಎಂದು ಎರಡನ್ನೂ ಗಂಟು ಹಾಕುವವರಿದ್ದಾರೆ. ಸಾವಿಗೆ ಆ ಗಂಟು ಹೇಗೋ ನಿಲ್ಲುತ್ತದೆ. ಹೊಲ ಕೊಂಡವರು ಯಾರು ಎನ್ನುವಲ್ಲಿ ನನಗೆ ನಿಲ್ಲುವುದಿಲ್ಲ.

'ಸತ್ಯವೇದ' ಎಂದು ಹೆಸರಿಟ್ಟುಕೊಂಡು ತಪ್ಪಿದೆ ಎನ್ನುವುದು ಹೇಗೆ?

ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಏಕೆಂದರೆ ಗೊಂದಲದ ಒಂದು ಬೇರು ಆ ಹೆಸರಿನಲ್ಲೇ ಇದೆ ಅನ್ನಿಸುತ್ತದೆ.

ಬೈಬಲ್ ಎನ್ನುವುದಕ್ಕೆ ಗ್ರೀಕ್ ಮೂಲದಲ್ಲಿ 'ಪುಸ್ತಕಗಳು' ಎಂದರ್ಥ. ಸುಮ್ನೆ ಪುಸ್ತಕಗಳು. ಕನ್ನಡಕ್ಕೆ ಬಂದಾಗ ಅದು ಸತ್ಯವೇದವಾಯಿತು. ವೇದ ಎಂದ ಕೂಡಲೇ ಈ ನೆಲದ ಕಿವಿಗೆ ಇನ್ನೊಂದು ಮಾತು ಕೇಳಿಸುತ್ತದೆ: ಅಪೌರುಷೇಯ. ಮನುಷ್ಯರು ಬರೆಯದೇ ಇರುವುದು. ವೇದದ ಬಗ್ಗೆ ಮೀಮಾಂಸಕರು ಹೇಳುವ ಮಾತದು. ಕುರಾನ್ ಇಳಿದು ಬಂದದ್ದು ಎಂದು ನಮ್ಮ ಮುಸ್ಲಿಂ ನೆರೆಯವರು ನಂಬುತ್ತಾರೆ. ಇವೆರಡರ ನಡುವೆ ಬದುಕುವ ನಾವು ಗೊತ್ತಿಲ್ಲದೇ ನಮ್ಮ ಪುಸ್ತಕವೂ ಆಕಾಶದಿಂದ ಇಳಿದದ್ದು ಎಂದುಕೊಂಡುಬಿಟ್ಟಿದ್ದೇವೆ.

ಪುಸ್ತಕ ತನ್ನ ಬಗ್ಗೆ ತಾನು ಹಾಗೆ ಹೇಳಿಕೊಳ್ಳುವುದಿಲ್ಲ. ಲೂಕನ ಸುವಾರ್ತೆಯ ಮೊದಲ ನಾಲ್ಕು ವಚನ ಓದಿ. ನನಗಿಂತ ಮುಂಚೆ ಅನೇಕರು ಬರೆದಿದ್ದಾರೆ, ನಾನೂ ಎಲ್ಲವನ್ನೂ ಮೊದಲಿನಿಂದ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ ಎನ್ನುತ್ತಾನೆ. ವಿಚಾರಿಸಿ! ಮನೆ ಮನೆಗೆ ಹೋಗಿ ಕೇಳಿದವನ ಮಾತದು.

ಇದಕ್ಕಿಂತಲೂ ನನಗೆ ಪ್ರಿಯವಾದದ್ದು 1 ಕೊರಿಂಥದವರಿಗೆ 1:14ರಿಂದ 16. ಈ ಪತ್ರ ಬರೆದ ಅಪೊಸ್ತಲ ಪೌಲ ಸಿಟ್ಟಿನಲ್ಲಿದ್ದಾನೆ. ಕ್ರಿಸ್ಪನಿಗೂ ಗಾಯನಿಗೂ ಬಿಟ್ಟರೆ ನಿಮ್ಮಲ್ಲಿ ಯಾರಿಗೂ ನಾನು ದೀಕ್ಷಾಸ್ನಾನ ಮಾಡಿಸಿಲ್ಲ, ದೇವರಿಗೆ ಸ್ತೋತ್ರ ಎನ್ನುತ್ತಾನೆ. ಎರಡು ಸಾಲು ದಾಟುವಷ್ಟರಲ್ಲಿ ನೆನಪಾಗುತ್ತದೆ: ಹಾಂ, ಸ್ತೆಫನನ ಮನೆಯವರಿಗೂ ಮಾಡಿಸಿದ್ದೆ. ಇನ್ಯಾರಿಗಾದರೂ ಮಾಡಿಸಿದ್ದೇನಾ, ಗೊತ್ತಿಲ್ಲ. ದೇವರ ವಾಕ್ಯದೊಳಗೆ ಒಬ್ಬ ಮನುಷ್ಯ ಮರೆತು, ತಿದ್ದಿಕೊಂಡು, ಕೊನೆಗೆ ಗೊತ್ತಿಲ್ಲ ಎಂದು ಕೈ ಚೆಲ್ಲುತ್ತಾನೆ. ಆ ವಚನವನ್ನು ಯಾರೂ ಅಳಿಸಲಿಲ್ಲ, ನೋಡಿ.

ಸತ್ಯವೇದ ಎನ್ನುವ ಹೆಸರು ಬಿಡಿ ಎಂದು ಹೇಳುತ್ತಿಲ್ಲ. ಅತ್ತೆಯ ಬಾಯಲ್ಲಿ ಅದನ್ನು ಕೇಳಿ ಕೇಳಿ ನನಗೂ ಅಭ್ಯಾಸವಾಗಿದೆ. ಆ ಹೆಸರು ನಮ್ಮ ತಲೆಯಲ್ಲಿ ಏನು ಬಿತ್ತುತ್ತದೆ ಎನ್ನುವ ಎಚ್ಚರ ಇದ್ದರೆ ಸಾಕು.

ಶಾಸ್ತ್ರವೆಲ್ಲ ದೈವಪ್ರೇರಿತ ಎಂದು 2 ತಿಮೊಥೆಯನಿಗೆ 3:16ರಲ್ಲೇ ಇದೆಯಲ್ಲ?

ಇದೆ. ನಾನೂ ಅದನ್ನು ನಂಬುತ್ತೇನೆ. ಆದರೆ ವಚನವನ್ನು ಕೊನೆಯವರೆಗೂ ಓದಬೇಕು. ಉಪದೇಶಕ್ಕೆ, ಖಂಡನೆಗೆ, ತಿದ್ದುವುದಕ್ಕೆ, ನೀತಿಯಲ್ಲಿ ನಡೆಸುವುದಕ್ಕೆ ಅದು ಉಪಯುಕ್ತ ಎಂದು ಪತ್ರ ಹೇಳುತ್ತದೆ. 'ದೇವರು ಉಸಿರೂದಿದ' ಎನ್ನುವುದು ಆ ಗ್ರೀಕ್ ಪದದ ಅರ್ಥ. ಆದಾಮನಿಗೂ ದೇವರು ಉಸಿರೂದಿದ, ಅವನು ಮಣ್ಣಾಗಿಯೇ ಇದ್ದ. ಇದು ತರ್ಕದ ಪುರಾವೆ ಅಲ್ಲ, ನನಗೆ ಹಾಗೆ ಕಾಣುತ್ತದೆ ಅಷ್ಟೆ. ಎದುರು ಪಕ್ಷದವರು ಕೇಳುವ ಪ್ರಶ್ನೆಯೂ ನ್ಯಾಯವಾದದ್ದೇ: ದೇವರು ಸುಳ್ಳಾಡುವುದಿಲ್ಲ, ಹಾಗಾದರೆ ಆತನ ಮಾತಿನಲ್ಲಿ ಸುಳ್ಳು ಹೇಗೆ ಬರುತ್ತದೆ? ಲೆಕ್ಕ ತಪ್ಪುವುದಕ್ಕೂ ಸುಳ್ಳು ಹೇಳುವುದಕ್ಕೂ ವ್ಯತ್ಯಾಸ ಇದೆ ಎನ್ನುವುದು ನನ್ನ ಉತ್ತರ. ಎಲ್ಲರಿಗೂ ಅದು ಸಾಕಾಗುವುದಿಲ್ಲ, ಗೊತ್ತು.

ತಪ್ಪುಗಳೆಲ್ಲ ನಕಲು ಮಾಡಿದವರದು, ಮೂಲಪ್ರತಿಯಲ್ಲಿ ಒಂದೂ ಇರಲಿಲ್ಲ ಎನ್ನುತ್ತಾರಲ್ಲ?

1978ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಇನ್ನೂರಕ್ಕೂ ಹೆಚ್ಚು ಇವ್ಯಾಂಜೆಲಿಕಲ್ (ಬೈಬಲಿಗೇ ಮೊದಲ ಜಾಗ ಕೊಡುವ ಪ್ರೊಟೆಸ್ಟಂಟ್) ಮುಖಂಡರು ಸಹಿ ಹಾಕಿದ ಹೇಳಿಕೆಯ ನಿಲುವು ಇದು. ನಮ್ಮೂರಿನ ಕೂಟಗಳಲ್ಲಿ ಕೇಳಿಬರುವ ಎಷ್ಟೋ ಮಾತುಗಳ ಮೂಲ ಅಲ್ಲಿದೆ. ದುಂಡು ಲೆಕ್ಕ, ಕಣ್ಣಿಗೆ ಕಂಡಂತೆ ಹೇಳಿದ ಮಾತು, ಇವೆಲ್ಲ ತಪ್ಪಲ್ಲ ಎಂದು ಆ ಹೇಳಿಕೆಯೇ ಒಪ್ಪುತ್ತದೆ. ಇನ್ನೊಂದು ಮಾತನ್ನು ಮಾತ್ರ ಕೂಟದಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಇದನ್ನು ಒಪ್ಪುವುದು ರಕ್ಷಣೆಗೆ ಅಗತ್ಯವಲ್ಲ ಎಂದು ಅದರ 19ನೇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಬಿಟ್ಟರೆ ವ್ಯಕ್ತಿಗೂ ಸಭೆಗೂ ದೊಡ್ಡ ಹಾನಿ ಎಂದೂ ಅಲ್ಲೇ ಸೇರಿಸುತ್ತದೆ. ಎರಡನ್ನೂ ಹೇಳುವುದು ನ್ಯಾಯ.

ನಕಲಿನ ಮಾತು ನಿಜವೇ. ನಮ್ಮ ತಾಳೆಗರಿ ಬರೆದವರೂ ಕೊನೆಯಲ್ಲಿ ಒಂದು ಶ್ಲೋಕ ಹಾಕುತ್ತಿದ್ದರು: ನೋಡಿದ ಹಾಗೆ ಬರೆದಿದ್ದೇನೆ, ತಪ್ಪೋ ಒಪ್ಪೋ, ದೋಷ ನನ್ನದಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಕಲ್ಲಿನ ಮೇಲೆ ಇರುವುದರಿಂದ ಅದನ್ನು ಕೆತ್ತಿದವನ ಕೈ ನಮಗೆ ಕಾಣುತ್ತದೆ. ಬೈಬಲಿನ ಯಾವ ಪುಸ್ತಕದ ಮೂಲಪ್ರತಿಯೂ ಇಂದು ಉಳಿದಿಲ್ಲ.

ಒಂದು ಮೂಲಪ್ರತಿಗೆ ಏನಾಯಿತು ಎಂದು ಮಾತ್ರ ಬೈಬಲೇ ಹೇಳುತ್ತದೆ. ಯೆರೆಮೀಯ 36. ಪ್ರವಾದಿ ಹೇಳಿದ್ದನ್ನು ಬಾರೂಕ ಸುರುಳಿಯಲ್ಲಿ ಬರೆದ. ಅರಸ ಯೆಹೋಯಾಕೀಮ ಚಳಿಗಾಲದ ಮನೆಯಲ್ಲಿ ಬೆಂಕಿ ಕಾಯಿಸುತ್ತಾ ಕೂತು, ಓದಿದಷ್ಟನ್ನು ಚಾಕುವಿನಿಂದ ಕೊಯ್ದು ಕೊಯ್ದು ಬೆಂಕಿಗೆ ಹಾಕಿಸಿದ. ಆಮೇಲೆ ಯೆರೆಮೀಯ ಮತ್ತೆ ಹೇಳಿದ, ಬಾರೂಕ ಮತ್ತೆ ಬರೆದ. ಅದೇ ತರದ ಇನ್ನೂ ಬಹಳ ಮಾತುಗಳು ಸೇರಿದವು ಎಂದು ಅಧ್ಯಾಯ ಮುಗಿಯುತ್ತದೆ. ಈಗ ಹೇಳಿ, ಮೂಲಪ್ರತಿ ಯಾವುದು? ಸುಟ್ಟದ್ದಾ, ಸೇರಿಸಿದ್ದಾ? ದೇವರಿಗೆ ಅದರ ಚಿಂತೆ ಇದ್ದಂತೆ ಕಾಣುವುದಿಲ್ಲ.

ಕೆಲವು ವಚನಗಳನ್ನು ಕಂಸದಲ್ಲಿ ಯಾಕೆ ಹಾಕಿರುತ್ತಾರೆ?

ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲದೇ ಇರುವುದಕ್ಕೆ. ಮಾರ್ಕ 16:9ರಿಂದ 20ರವರೆಗಿನ ಭಾಗ ನಾಲ್ಕನೇ ಶತಮಾನದ ಎರಡು ಮುಖ್ಯ ಪ್ರತಿಗಳಾದ ಸಿನೈಟಿಕಸ್, ವ್ಯಾಟಿಕಾನಸ್ ಎರಡರಲ್ಲೂ ಇಲ್ಲ. ವ್ಯಭಿಚಾರದಲ್ಲಿ ಸಿಕ್ಕ ಹೆಂಗಸಿನ ಕಥೆ, ಯೋಹಾನ 8, ಅದೂ ಅವುಗಳಲ್ಲಿ ಇಲ್ಲ. ಆ ಕಥೆಯ ಮೇಲೆ ಎಷ್ಟು ಪ್ರಸಂಗ ಕೇಳಿದ್ದೇನೋ ಲೆಕ್ಕವಿಲ್ಲ. ಮುಂದೆಯೂ ಕೇಳುತ್ತೇನೆ. ಯೋಹಾನ ಅದನ್ನು ಬರೆಯದೇ ಇದ್ದಿರಬಹುದು. ಯೇಸು ಹಾಗೆ ಮಾಡಿರಲಾರ ಎಂದು ಮಾತ್ರ ಯಾರೂ ಹೇಳುವುದಿಲ್ಲ.

ಕ್ಯಾಥೊಲಿಕರ ನಿಲುವೇನು?

1965ರ ನವೆಂಬರ್ 18ರಂದು ಎರಡನೇ ವ್ಯಾಟಿಕನ್ ಸಭೆ ಹೊರಡಿಸಿದ 'ದೇಯಿ ವೆರ್ಬುಂ' ಎನ್ನುವ ದಾಖಲೆ ನೋಡಿ. ನಮ್ಮ ರಕ್ಷಣೆಗಾಗಿ ದೇವರು ಬರೆಯಿಸಬೇಕೆಂದ ಸತ್ಯವನ್ನು ಶಾಸ್ತ್ರ ತಪ್ಪಿಲ್ಲದೆ ಕಲಿಸುತ್ತದೆ ಎಂದು ಅದರಲ್ಲಿದೆ. 'ರಕ್ಷಣೆಗಾಗಿ' ಎನ್ನುವ ಪದ ಎಷ್ಟು ದೂರ ಹೋಗುತ್ತದೆ ಎಂದು ಅವರೊಳಗೇ ಚರ್ಚೆ ಇದೆ. ತವರಿನಲ್ಲಿ ಫಾದರ್ ಹತ್ತಿರ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಇದೆಲ್ಲ ಈಗಿನವರ ಹೊಸ ಬುದ್ಧಿ ಅಲ್ವಾ? ಹಿಂದಿನವರು ಹೀಗೆ ಹೇಳಿದ್ದರಾ?

ಹಿಂದಿನವರಲ್ಲಿ ಎರಡೂ ತರದವರಿದ್ದರು. ಸಂತ ಅಗಸ್ಟೀನ್ ತಪ್ಪಿಲ್ಲ ಎನ್ನುವ ಕಡೆ. ಏನಾದರೂ ಸತ್ಯಕ್ಕೆ ವಿರುದ್ಧ ಕಂಡರೆ ಹಸ್ತಪ್ರತಿ ಕೆಟ್ಟಿದೆ, ಇಲ್ಲವೇ ಅನುವಾದಕ ತಪ್ಪಿದ್ದಾನೆ, ಇಲ್ಲವೇ ನನಗೆ ಅರ್ಥವಾಗಿಲ್ಲ ಎಂದುಕೊಳ್ಳುತ್ತೇನೆ ಎಂದು, ಬೈಬಲನ್ನು ಲ್ಯಾಟಿನ್‌ಗೆ ಅನುವಾದಿಸಿದ ಜೆರೋಮನಿಗೆ ಪತ್ರ ಬರೆದಿದ್ದ. ಮೂರನೆಯದನ್ನು ಎಲ್ಲರೂ ನೆನಪಿಡಬೇಕು, ನಾನೂ ಸೇರಿ.

ಆದರೆ ಪ್ರೊಟೆಸ್ಟಂಟರ ದೊಡ್ಡ ಗುರು ಕ್ಯಾಲ್ವಿನ್ ಮತ್ತಾಯ 27:9ರ ಬಗ್ಗೆ ಬರೆಯುವಾಗ ಕಷ್ಟಪಡಲೇ ಇಲ್ಲ. ಯೆರೆಮೀಯನ ಹೆಸರು ಹೇಗೆ ನುಸುಳಿತೋ ನನಗೆ ಗೊತ್ತಿಲ್ಲ, ಜೆಕರ್ಯ ಎಂದಿರಬೇಕಾದಲ್ಲಿ ತಪ್ಪಾಗಿ ಬಂದಿದೆ, ಅದಕ್ಕಾಗಿ ತಲೆ ಕೆಡಿಸಿಕೊಳ್ಳುವುದೂ ಇಲ್ಲ ಎಂದು ಮುಂದೆ ಹೋದ. ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಲೂಥರ್ ಅಂತೂ ತನ್ನ ಅನುವಾದದ 1522ರ ಮುನ್ನುಡಿಯಲ್ಲಿ ಹೊಸ ಒಡಂಬಡಿಕೆಯ ಯಾಕೋಬನ ಪತ್ರವನ್ನು ಹುಲ್ಲಿನ ಪತ್ರ ಎಂದೇ ಕರೆದ. ಅವನು ಕ್ರೈಸ್ತನಲ್ಲ ಎಂದು ನಮ್ಮ ಪಾಸ್ಟರುಗಳು ಹೇಳುತ್ತಾರಾ?

ಒಂದು ತಪ್ಪು ಒಪ್ಪಿಕೊಂಡರೆ ಯೇಸು ಸತ್ತು ಎದ್ದುಬಂದದ್ದೂ (ಪುನರುತ್ಥಾನವೂ) ಸುಳ್ಳಾಗುತ್ತದಲ್ಲ?

ಹೆದರಿಕೆ ಇರುವುದು ಇಲ್ಲೇ. ಉಳಿದ ಪ್ರಶ್ನೆಗಳೆಲ್ಲ ಇದರ ಮಕ್ಕಳು.

ಸಮಾಧಿಯ ಹತ್ತಿರ ಹೆಂಗಸರು ಕಂಡದ್ದು ಮಾರ್ಕನಲ್ಲಿ ಒಬ್ಬ ಯೌವನಸ್ಥ, ಮತ್ತಾಯನಲ್ಲಿ ಒಬ್ಬ ದೂತ, ಲೂಕನಲ್ಲಿ ಇಬ್ಬರು ಗಂಡಸರು. ಯೋಹಾನನಲ್ಲಿ ಮರಿಯಳಿಗೆ ಕಂಡದ್ದು ಇಬ್ಬರು ದೂತರು. ಊರಿನಲ್ಲಿ ಏನಾದರೂ ದೊಡ್ಡದು ನಡೆದರೆ ನಾಲ್ಕು ಮನೆಯವರು ಹೇಳುವುದು ಹೀಗೇ ಅಲ್ವಾ? ನಾಲ್ವರೂ ಒಂದಕ್ಷರ ಬಿಡದೆ ಒಂದೇ ಹೇಳಿದರೆ, ಕೂತು ಮಾತಾಡಿಕೊಂಡು ಬಂದಿದ್ದಾರೆ ಎಂದು ಯಾವ ವಕೀಲನಾದರೂ ಅನುಮಾನಪಡುತ್ತಾನೆ. ಕಲ್ಲು ಉರುಳಿತ್ತು, ದೇಹ ಇರಲಿಲ್ಲ, ಮೊದಲು ಹೋದವರು ಹೆಂಗಸರು. ಇದರಲ್ಲಿ ನಾಲ್ವರೂ ಒಂದೇ.

ಇನ್ನೊಂದು. ಪೌಲ ಪುನರುತ್ಥಾನದ ಬಗ್ಗೆ 1 ಕೊರಿಂಥದವರಿಗೆ 15ರಲ್ಲಿ ಬರೆಯುವಾಗ ನಾಲ್ಕು ಸುವಾರ್ತೆಗಳು ಇನ್ನೂ ಬರೆಯಲ್ಪಟ್ಟಿರಲಿಲ್ಲ ಎಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಮೊದಲ ಕ್ರೈಸ್ತರ ಕೈಯಲ್ಲಿ ಹೊಸ ಒಡಂಬಡಿಕೆಯೇ ಇರಲಿಲ್ಲ. ಅವರು ಯೇಸುವನ್ನು ನಂಬಿದ ಮೇಲೆ ಪುಸ್ತಕ ಬಂತು. ನಾವು ಅದನ್ನು ತಿರುಗಿಸಿ, ಪುಸ್ತಕವನ್ನು ಮೊದಲು ನಿರ್ದೋಷಿ ಎಂದು ಸಾಧಿಸಿ ಆಮೇಲೆ ಯೇಸುವಿನ ಹತ್ತಿರ ಹೋಗುತ್ತೇವೆ ಎನ್ನುತ್ತೇವೆ. ಅರ್ಧ ದಾರಿಯಲ್ಲೇ ಯೆಹೋಯಾಖೀನನ ವಯಸ್ಸು ಸಿಕ್ಕಿ ಅಲ್ಲೇ ಕೂತುಬಿಡುವ ಹುಡುಗರನ್ನು ನೋಡಿದ್ದೇನೆ.

ಭೂಮಿಗೆ ಆರು ಸಾವಿರ ವರ್ಷ ಎಂದು ನಂಬಲೇಬೇಕಾ?

ಬೇಕಿಲ್ಲ. ಆ ಲೆಕ್ಕ ಬೈಬಲಿನಲ್ಲಿ ಬರೆದಿಲ್ಲ. ಕ್ರಿ.ಪೂ. 4004 ಎನ್ನುವುದು ಹದಿನೇಳನೇ ಶತಮಾನದ ಆರ್ಚ್‌ಬಿಷಪ್ ಅಷರ್ ವಂಶಾವಳಿಗಳನ್ನು ಕೂಡಿಸಿ ತೆಗೆದ ಲೆಕ್ಕ. ನಮ್ಮ ಗೊರೂರಿನ ಸುತ್ತಲಿನ ಬಂಡೆಗಳಿಗೆ ಸುಮಾರು 330 ಕೋಟಿ ವರ್ಷ ಎಂದು ಭೂವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಡ್ಯಾಂ ನೋಡಲು ಹೋದಾಗ ಮುಟ್ಟಿ ನೋಡಿ.

ಹಸುಗೂಸುಗಳನ್ನೂ ಕೊಲ್ಲು ಎಂದು ದೇವರು ಹೇಳಿದ್ದು? ಅದೂ ತಪ್ಪಾ?

1 ಸಮುವೇಲ 15:3. ಅಂಕಿ ಸಂಖ್ಯೆಯ ತಪ್ಪೆಲ್ಲ ಇದರ ಮುಂದೆ ಏನೂ ಅಲ್ಲ. ವಿಚಿತ್ರ ಎಂದರೆ, ಸಾಸಿವೆ ಕಾಳಿನ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವವರು ಈ ವಚನವನ್ನು ಕಣ್ಣು ಮಿಟುಕಿಸದೆ ದಾಟುತ್ತಾರೆ.

ದೇವರಿಗೆ ಜೀವ ಕೊಡುವ, ತೆಗೆಯುವ ಹಕ್ಕಿದೆ ಎನ್ನುವವರಿದ್ದಾರೆ. ಆ ಕಾಲದ ಜನ ತಮ್ಮ ಯುದ್ಧಕ್ಕೆ ದೇವರ ಹೆಸರು ಹಾಕಿದರು ಎನ್ನುವವರಿದ್ದಾರೆ. ಮೂರನೇ ಶತಮಾನದ ಒರಿಗೆನ್ ಯೆಹೋಶುವನ ಯುದ್ಧಗಳನ್ನು ನಮ್ಮೊಳಗಿನ ಪಾಪದ ಜೊತೆಗಿನ ಯುದ್ಧ ಎಂದು ಓದಿದ. ವೈರಿಗಳನ್ನು ಪ್ರೀತಿಸಿ ಎಂದ ಯೇಸುವಿನ ಮಾತನ್ನು ಮೇಲಿಟ್ಟು ಇದನ್ನು ಅದರ ಕೆಳಗೆ ಇಟ್ಟು ಓದುತ್ತೇನೆ ನಾನು. ಹಾಗೆ ಓದಿದರೂ ಮನಸ್ಸು ತಣ್ಣಗಾಗುವುದಿಲ್ಲ. ಆ ಅಧ್ಯಾಯವನ್ನು ಮಕ್ಕಳಿಗೆ ಒಮ್ಮೆಯೂ ಪಾಠ ಮಾಡಿಲ್ಲ. ಅದು ವಿವೇಕವಾ, ಹೇಡಿತನವಾ, ಹೇಳಲಾರೆ.

ಮಕ್ಕಳು ಕೇಳಿದರೆ ಏನು ಹೇಳಬೇಕು?

ನಾನು ಮಾಡಿದ್ದನ್ನು ಮಾಡಬೇಡಿ. ಒಂದು ವರ್ಷ ಶುಭ ಶುಕ್ರವಾರದ ಹಿಂದಿನ ಭಾನುವಾರ ಒಬ್ಬ ಹುಡುಗ ಎರಡು ಬೆರಳು ಎತ್ತಿ, "ಟೀಚರ್, ಯೂದ ಎರಡು ಸಲ ಸತ್ತನಾ?" ಎಂದ. ಕ್ಲಾಸೆಲ್ಲ ನಕ್ಕಿತು. ನನಗೆ ಸಿಟ್ಟು ಬಂತು. ಪ್ರಾರ್ಥನೆ ಮಾಡು, ಅರ್ಥವಾಗುತ್ತದೆ ಎಂದು ಕೂರಿಸಿದೆ. ಆಮೇಲೂ ಅವನು ಬರುತ್ತಿದ್ದ, ಮೂಲೆಯಲ್ಲಿ ಕೂರುತ್ತಿದ್ದ. ಏನೂ ಕೇಳುತ್ತಿರಲಿಲ್ಲ. ಅವನು ಎರಡೂ ಭಾಗ ಓದಿಕೊಂಡು ಬಂದಿದ್ದ ಎನ್ನುವುದು ನನಗೆ ಹೊಳೆದದ್ದು ಎಷ್ಟೋ ತಡವಾಗಿ. ಇಡೀ ಕ್ಲಾಸಿನಲ್ಲಿ ಓದಿದ್ದವನು ಅವನೊಬ್ಬನೇ.

ಈಗಾದರೆ ಎರಡನ್ನೂ ಬೋರ್ಡಿನ ಮೇಲೆ ಪಕ್ಕಪಕ್ಕ ಬರೆಸುತ್ತೇನೆ.

ನಮ್ಮ ಪಾಸ್ಟರ್ ಇದನ್ನು ಒಪ್ಪುವುದಿಲ್ಲ. ಕೂಟದಲ್ಲಿ ಎದ್ದು ಹೇಳಲಾ?

ಬೇಡ. ಕೂಟದಲ್ಲಿ ಎದ್ದು ಹೇಳಿದರೆ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ, ಜಗಳವಾಗುತ್ತದೆ. ಮನೆಗೆ ಹೋಗಿ, ಕಾಫಿ ಕುಡಿಯುತ್ತಾ ಕೇಳಿ. ಎಷ್ಟೋ ಪಾಸ್ಟರುಗಳಿಗೆ ಇದೆಲ್ಲ ಗೊತ್ತಿರುತ್ತದೆ, ವೇದಿಕೆ ಮೇಲೆ ಹೇಳುವುದಿಲ್ಲ. ತಪ್ಪಿಲ್ಲ ಎಂದೇ ನಂಬುವವರ ಬಗ್ಗೆ ಒಂದು ಮಾತು. ಅತ್ತೆ ಹಾಗೇ ನಂಬಿ ಬದುಕಿದರು. ಅವರಷ್ಟು ಬೈಬಲ್ ಓದಿದವರನ್ನು ನಾನು ನೋಡಿಲ್ಲ. ಯೂದನ ಹೊಲದ ವಿಷಯ ಅವರ ಮುಂದೆ ಎತ್ತಿದವಳೂ ನಾನಲ್ಲ.

ನಿಮ್ಮ ಗ್ರಂಥವನ್ನು ತಿದ್ದಿಬಿಟ್ಟಿದ್ದಾರೆ ಎಂದು ಪಕ್ಕದ ಮನೆಯವರು ಹೇಳಿದರೆ?

ಯಾರೋ ಕೂತು ಬೇಕೆಂದೇ ಬದಲಿಸಿದ್ದಾರೆ ಎಂದಾದರೆ, ಅದಕ್ಕೆ ಆಧಾರ ಕಡಿಮೆ. 1947ರಲ್ಲಿ ಮೃತ ಸಮುದ್ರದ ಹತ್ತಿರದ ಗವಿಯಲ್ಲಿ ಸಿಕ್ಕ ಯೆಶಾಯನ ಸುರುಳಿ, ಅಲ್ಲಿಯವರೆಗೆ ಕೈಯಲ್ಲಿದ್ದ ಹೀಬ್ರೂ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯದು. ಸಣ್ಣಪುಟ್ಟ ಪಾಠಭೇದ ಬೇಕಾದಷ್ಟಿವೆ, ಯೆಶಾಯ ಮಾತ್ರ ಅದೇ ಯೆಶಾಯ. ಇಷ್ಟು ಹೇಳಿ ಸುಮ್ಮನಾಗಿ. ಅವರ ಗ್ರಂಥದಲ್ಲಿ ಏನಿದೆ ಎಂದು ಹುಡುಕಲು ಹೋಗಬೇಡಿ.

ಯಾವ ಕನ್ನಡ ಬೈಬಲ್ ಕೊಳ್ಳಲಿ?

ಹಳೆಯ ಸತ್ಯವೇದ ಒಂದು, ಈಗಿನ ಸರಳ ಕನ್ನಡದ್ದು ಒಂದು. ಎರಡೂ ಪಕ್ಕದಲ್ಲಿದ್ದರೆ ಒಳ್ಳೆಯದು. ಜಾನ್ ಹ್ಯಾಂಡ್ಸ್ ಎನ್ನುವ ಮಿಷನರಿ ಬಳ್ಳಾರಿಯಲ್ಲಿ ಕೂತು ಮಾಡಿದ ಅನುವಾದದಿಂದ 1831ರಲ್ಲಿ ಪೂರ್ತಿ ಬೈಬಲ್ ಕನ್ನಡಕ್ಕೆ ಬಂತು. ಅಲ್ಲಿಂದ ಇಲ್ಲಿಯವರೆಗೆ ತಿದ್ದುತ್ತಲೇ ಬಂದಿದ್ದಾರೆ. ಕ್ಯಾಥೊಲಿಕ್ ಮುದ್ರಣ ಸಿಕ್ಕರೆ ಆ ಏಳು ಪುಸ್ತಕವನ್ನೂ ಓದಬಹುದು. ಅಂಗಡಿಯಲ್ಲಿ ರಟ್ಟಿನ ಬಣ್ಣ ನೋಡಬೇಡಿ, ಜಿಪ್ ಇದೆಯಾ ಎಂದೂ ನೋಡಬೇಡಿ. ಮಾರ್ಕ 16 ತೆಗೆದು ಪುಟದ ಅಡಿಯಲ್ಲಿ ಸಣ್ಣ ಅಕ್ಷರದ ಟಿಪ್ಪಣಿ ಇದೆಯಾ ನೋಡಿ. ಇದ್ದರೆ ಅದನ್ನೇ ಕೊಳ್ಳಿ.